ತಣ್ಣಗಿದ್ದ ಬಲ್ಬಿನ ಲೆಕ್ಕ

ನನ್ನನ್ನು ಕೊಂಡಾಗ ವಿರೂಪಣ್ಣ ಕೊಟ್ಟದ್ದು ಸಾವಿರದ ಇನ್ನೂರು ರೂಪಾಯಿ. ಬ್ಯಾಟರಿಗೆ ಬೇರೆ ನಲವತ್ತು. ನನ್ನ ಹೊಟ್ಟೆಯೊಳಗಿನ ಫ್ಯೂಸು ಸುಟ್ಟರೆ ಅರವತ್ತು, ಅದೂ ಹುಬ್ಬಳ್ಳಿಗೆ ಹೋಗಿ ತರಬೇಕು. ಈ ಕೊನೆಯ ಮಾತು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ನಾನು ಒಂದು ಮಲ್ಟಿಮೀಟರು. ಯಾವುದೋ ಕಾರ್ಖಾನೆಯಲ್ಲಿ ಒಬ್ಬಾಕೆ ನನ್ನ ಬೆನ್ನಿಗೆ ಸ್ಕ್ರೂ ಬಿಗಿದು, ಹಳದಿ ಅಂಗಿ ತೊಡಿಸಿ ಡಬ್ಬಿಗೆ ಹಾಕಿದಳು. ಕಣ್ಣು ಬಿಟ್ಟದ್ದು ಗದಗಿನಲ್ಲಿ. ವಿರೂಪಣ್ಣ ಮನೆಗಳ ವೈರಿಂಗ್ ಮಾಡುವವನು. ನನ್ನಿಂದ ವೋಲ್ಟೇಜ್ ಅಳೆಯುತ್ತಿದ್ದ, ತಂತಿಯ ತಡೆ ಎಷ್ಟು ಓಮ್ ಎಂದು ಅಳೆಯುತ್ತಿದ್ದ. ಕರೆಂಟು ಅಳೆಯುವ ತೂತನ್ನು ಮಾತ್ರ ಮುಟ್ಟುತ್ತಿರಲಿಲ್ಲ. ತಪ್ಪಿದರೆ ಫ್ಯೂಸು ಹೋಗುತ್ತದೆಂಬ ಹೆದರಿಕೆ.

ಒಂದು ಡಿಸೆಂಬರ್ ಬೆಳಿಗ್ಗೆ ಊರಾಚೆಯ ಕಲ್ಲವ್ವನ ಕೋಳಿ ಶೆಡ್ಡಿಗೆ ಓಡಿದೆವು. ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಗಿತ್ತು. ಹಿಂದಿನ ದಿನವಷ್ಟೇ ಬಂದ ಮುನ್ನೂರು ಮರಿಗಳು ಚಳಿಗೆ ಒಂದರ ಮೇಲೊಂದು ಒಟ್ಟಿಕೊಂಡಿದ್ದವು. ಅಡಿಯಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತಿದ್ದವು. ಅವಕ್ಕೆ ಕಾವು ಕೊಡುತ್ತಿದ್ದುದು ಸಂತೆಯಿಂದ ತಂದ ಆರು ಬಲ್ಬುಗಳು. ಕೆಂಪು ಬಣ್ಣ ಬಳಿದದ್ದರಿಂದ ಅವು ಎಷ್ಟು ವ್ಯಾಟಿನವೆಂಬ ಬರಹ ಅಳಿಸಿಹೋಗಿತ್ತು.

ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯ ರಜಾಬಿ ತನ್ನ ಪುಟ್ಟ ಜನರೇಟರನ್ನು ಆಟೋದಲ್ಲಿ ತಂದಿದ್ದಳು. ಸಾವಿರ ವ್ಯಾಟಿನದು.

"ಲಗೂನ ಹಚ್ಚೋ ಯಪ್ಪಾ, ಸಾಯಾಕ ಹತ್ಯಾವ!" ಎಂದಳು ಕಲ್ಲವ್ವ.

ವಿರೂಪಣ್ಣ ಒಂದು ಬಲ್ಬನ್ನು ಬಿಚ್ಚಿ ನನ್ನ ಕಡ್ಡಿಗಳನ್ನು ತಾಗಿಸಿದ. ನಲವತ್ತು ಓಮ್ ಎಂದೆ. ಅವನು ಇನ್ನೂರ ಮೂವತ್ತನ್ನು ಇನ್ನೂರ ಮೂವತ್ತರಿಂದ ಗುಣಿಸಿ, ನಲವತ್ತರಿಂದ ಭಾಗಿಸಿದ. ಮುಖ ಕಪ್ಪಿಟ್ಟಿತು.

"ಒಂದೊಂದು ಸಾವಿರದ ಮುನ್ನೂರು ವ್ಯಾಟ್ ಎಳಿತೈತ್ರಿ. ನಿಮ್ಮ ಮಷಿನ್ ಸುಟ್ಟು ಹೋಕ್ಕೈತಿ ಅಕ್ಕಾರ."

ರಜಾಬಿ ನಕ್ಕಳು. "ಹಂಗಿದ್ರ ಕಲ್ಲವ್ವ ಅದರ ಮ್ಯಾಲೆ ರೊಟ್ಟಿ ಬೇಯಿಸ್ತಿದ್ಲು! ತಣ್ಣಗಿದ್ದಾಗ ಅದರ ತಂತಿ ಕರೆಂಟಿಗೆ ಹಾದಿ ಬಿಟ್ಟು ಕೂತಿರ್ತೈತಿ ತಮ್ಮಾ. ಕಾದ ಮ್ಯಾಲೆ ತಡಿತೈತಿ. ಉರಿಯೋ ಬಲ್ಬನ್ನ ಕೇಳು."

"ಫ್ಯೂಸ್ ಹೋದ್ರ?"

"ಫ್ಯೂಸ್ ನಾ ತಂದು ಕೊಡ್ತೀನಿ. ಸತ್ತ ಮರಿ ನೀ ತಂದು ಕೊಡ್ತಿ ಏನು?"

ರಜಾಬಿ ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ಸಾವಿರ ಮೋಟರ್ ಸುತ್ತಿ ಕಲಿತವಳು. ಜನರೇಟರ್ ಶುರುಮಾಡಿ ಮೊದಲು ವೋಲ್ಟೇಜ್ ನೋಡಿದಳು: ಇನ್ನೂರ ಮೂವತ್ತು. ಆಮೇಲೆ ನನ್ನನ್ನು ಒಂದು ಬಲ್ಬಿಗೆ ಕರೆಂಟು ಹೋಗುವ ದಾರಿಯಲ್ಲೇ ಜೋಡಿಸಿದಳು. ಅಷ್ಟು ದಿನ ಮುಟ್ಟದ ತೂತಿನಲ್ಲಿ ಮೊದಲ ಬಾರಿ ಕರೆಂಟು ಹರಿಯಿತು. ಅಂಕಿ ಒಮ್ಮೆ ಮೇಲಕ್ಕೆ ಜಿಗಿದು ಕೆಳಗಿಳಿಯಿತು. ಸೊನ್ನೆ ಬಿಂದು ನಾಲ್ಕು ಮೂರು ಆಂಪಿಯರಿಗೆ ನಿಂತಿತು. ವೋಲ್ಟೇಜನ್ನು ಅದರಿಂದ ಭಾಗಿಸಿದರೆ ತಡೆ ಐನೂರ ಮೂವತ್ತೈದು ಓಮ್. ಗುಣಿಸಿದರೆ ತೊಂಬತ್ತೊಂಬತ್ತು ವ್ಯಾಟ್. ಆರು ಬಲ್ಬು ಸೇರಿದರೂ ಆರುನೂರು ದಾಟುವುದಿಲ್ಲ.

"ಒಂದೊಂದ ಹಚ್ಚು," ಎಂದಳು. "ಆರೂ ತಣ್ಣಗಿದ್ದಾಗ ಒಮ್ಮೆಲೇ ಹಚ್ಚಿದ್ರ ನೀ ಹೇಳಿದ್ದ ಖರೇ ಆಕ್ಕೈತಿ."

ವಿರೂಪಣ್ಣ ಒಂದೊಂದಾಗಿ ಹಚ್ಚಿದ. ರಾಶಿಯಾಗಿದ್ದ ಮರಿಗಳು ಮೆಲ್ಲಗೆ ಬಿಡಿಬಿಡಿಯಾಗಿ, ಕೆಂಪು ಬೆಳಕಿನಡಿ ಹರಡಿಕೊಂಡವು. ಕಲ್ಲವ್ವ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆಯೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ನಾನು ವಿರೂಪಣ್ಣನ ಮೇಜಿನ ಖಾನೆಯಲ್ಲಿ ಮಲಗಿದ್ದೇನೆ. ನನ್ನ ಅಂಕಿಗಳ ಎಡಗಡೆ ಮಾಸಿ, ಎಂಟು ಎಂಬುದು ಮೂರರಂತೆ ಕಾಣುತ್ತದೆ. ಆ ಬೆಳಿಗ್ಗೆ ಎರಡು ಸಲವೂ ನಾನು ಹೇಳಿದ್ದು ನಿಜವೇ. ಯಾವ ನಿಜದಿಂದ ಲೆಕ್ಕ ಹಾಕಬೇಕೆಂದು ತಿಳಿದಿದ್ದವಳು ರಜಾಬಿ.

ಹನ್ನೊಂದು ಮರಿ ಸತ್ತವು. ಇನ್ನೂರ ಎಂಬತ್ತೊಂಬತ್ತು ಬದುಕಿದವು.