ಎಣ್ಣೆ ಡಬ್ಬಿ ಇಟ್ಟ ಜಾಗ

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆ ಸಂಸ್ಥೆ ಇತ್ತು. ಸಂಸ್ಥೆ ಅಂದರೆ ದೊಡ್ಡ ಮಾತಾಯಿತು. ನಾಲ್ಕು ಜನ, ಒಂದು ಫೋನು, ಒಂದು ಮುದಿ ವ್ಯಾನು, ಮತ್ತೆ ಹ್ಯಾಂಡಲ್ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಹದಿನಾಲ್ಕು ಮಂಚ. ಆಸ್ಪತ್ರೆಯವರು 'ಇನ್ನು ಮನೆಗೆ ಕರಕೊಂಡು ಹೋಗಿ' ಎಂದು ಕೈತೊಳೆದುಕೊಂಡ ರೋಗಿಗಳ ಮನೆಗೆ ಅವನ್ನು ಪುಕ್ಕಟೆ ಕೊಟ್ಟು, ಆಮೇಲೆ ವಾಪಸು ತರುವುದು ಅವರ ಕೆಲಸ. ಗೋಡೆಯ ಬೋರ್ಡಿನ ಮೇಲೆ 'ಯಾರೂ ನೆಲದ ಮೇಲೆ ನರಳಬಾರದು' ಎಂದು ಬರೆದಿತ್ತು. ಬರೆಸಿದವರು ಸಂಸ್ಥೆ ಕಟ್ಟಿದ ಟೀಚರಮ್ಮ; ಅವರ ತಾಯಿ ಹಾಗೆ ನರಳಿಯೇ ಹೋಗಿದ್ದರಂತೆ. ಇಡೀ ಊರಿಗೆ ಹದಿನಾಲ್ಕು ಮಂಚ ಅಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೆ ಟೀಚರಮ್ಮನ ಎದುರು ಅದನ್ನು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಫೋನಿನ ಮುಂದೆ ಕೂರುವವಳನ್ನು ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ಮಂಚ ಬೇಕೆಂದು ಗೋಗರೆಯುವವರಿಗೆ 'ಸರದಿ ಬಂದಾಗ ಹೇಳ್ತೀವಿ' ಎನ್ನುವುದು ಅವಳ ಪಾಲಿಗೆ ಬಂದ ಪುಣ್ಯಕಾರ್ಯ. ಸರದಿ ಬರುವುದೆಂದರೇನು ಎಂದು ಬಿಡಿಸಿ ಹೇಳಬೇಕೆ? ಮಂಚದ ಮೇಲಿರುವ ಒಬ್ಬರು ಹೋಗಬೇಕು. ಇಳಿದು ನಡೆದುಕೊಂಡು ಹೋದವರನ್ನು ಅವಳು ಕಂಡಿರಲಿಲ್ಲ. ಮೊದಮೊದಲು ಮನೆಗಳಿಗೆ ಫೋನ್ ಮಾಡಿ 'ಹೇಗಿದ್ದಾರೆ?' ಎಂದು ವಿಚಾರಿಸುತ್ತಿದ್ದಳು. ಒಂದು ದಿನ ಒಬ್ಬ ಹೆಂಗಸು, "ಇನ್ನೂ ಇದ್ದಾರೆ ಕಣಮ್ಮ. ಅಷ್ಟು ಅವಸರ ಇದ್ರೆ ನೀನೇ ಬಂದು ಕತ್ತು ಹಿಸುಕು," ಎಂದು ಫೋನ್ ಕುಕ್ಕಿದಳು. ಅವತ್ತಿಗೆ ಫೋನಕ್ಕ ಹಾಗೆ ವಿಚಾರಿಸುವುದನ್ನು ಬಿಟ್ಟಳು.

ಆಮೇಲೆ ಅವಳೇ ಒಂದು ಉಪಾಯ ಹೂಡಿದಳು. ವ್ಯಾನು ಓಡಿಸಿ ಮಂಚ ಜೋಡಿಸುವ ಮೆಕ್ಯಾನಿಕ್ಕನ ಕೈಗೆ ಎಣ್ಣೆ ಡಬ್ಬಿ ಕೊಟ್ಟು, ಹ್ಯಾಂಡಲಿಗೆ ಎಣ್ಣೆ ಬಿಡುವ ನೆವದಲ್ಲಿ ಮನೆಮನೆಗೆ ಕಳಿಸುವುದು. ಎಣ್ಣೆ ಬಿಡಲು ಬಂದವನನ್ನು ಯಾರು ಬೈಯುತ್ತಾರೆ? ಏನು ನೋಡಬೇಕೆಂದೂ ಅವಳೇ ಕಲಿಸಿದಳು. ಅಪ್ಪ ಅಮ್ಮ ಇಬ್ಬರ ಕೊನೆಗಾಲವನ್ನೂ ಹತ್ತಿರ ಕೂತು ಕಂಡವಳಲ್ಲವೆ. "ಮುಖ ನೋಡಬೇಡ, ಬಂದವರ ಮುಂದೆ ಮುಖ ನಗುತ್ತೆ. ಪಾದ ಊದಿದೆಯಾ ನೋಡು. ಪಕ್ಕದಲ್ಲಿಟ್ಟ ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ ಇದೆಯಾ ನೋಡು." ವಾಪಸು ಬಂದು ಅವನು ಬಾಯಿ ಬಿಡಬೇಕಾಗಿರಲಿಲ್ಲ. ಇನ್ನೂ ದಿನ ಇದೆ ಅಂದರೆ ಡಬ್ಬಿ ಶೆಲ್ಫಿನ ಮೇಲೆ. ಹತ್ತಿರ ಬಂತು ಅಂದರೆ ಅವಳ ಮೇಜಿನ ಮೇಲೆ. ಮೇಜಿನ ಮೇಲೆ ಡಬ್ಬಿ ಕಂಡ ಕೂಡಲೇ ಅವಳು ಸರದಿಯಲ್ಲಿ ಮುಂದಿರುವ ಮನೆಗೆ ಫೋನ್ ಮಾಡಿ, "ಬಾಗಿಲ ಅಗಲ ಅಳೆದು ಇಟ್ಕೊಳ್ಳಿ," ಎನ್ನುತ್ತಿದ್ದಳು. ಮಂಚ ಒಂದು ರಾತ್ರಿಯೂ ಖಾಲಿ ನಿಲ್ಲುತ್ತಿರಲಿಲ್ಲ. ಟೀಚರಮ್ಮ ಬೆನ್ನು ತಟ್ಟಿದರು.

ಹೀಗಿರುವಾಗ ಅವಳ ತಮ್ಮನೇ ಹಾಸಿಗೆ ಹಿಡಿದ. ಅವನು ಬೋರ್ಡು ಬರೆಯುವವನು. ಆಫೀಸಿನ ಗೋಡೆಯ ಆ ಬೋರ್ಡೂ ಅವನದೇ. ಜಾಗದ ಅಂದಾಜು ತಪ್ಪಿ 'ನರಳಬಾರದು' ಎಂಬುದರ ಕೊನೆಯ ಅಕ್ಷರವನ್ನು ಮೂಲೆಗೆ ಒತ್ತರಿಸಿದ್ದ. ಬಣ್ಣದ ಗಾಳಿ ಕುಡಿದೂ ಕುಡಿದೂ ಶ್ವಾಸಕೋಶ ಕೆಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಅಕ್ಕನ ಒಂದೇ ಕೋಣೆಯ ಮನೆಯಲ್ಲಿ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದ. ಫೋನಕ್ಕ ಅವನ ಹೆಸರನ್ನು ಸರದಿಯ ಕೊನೆಗೆ ಸೇರಿಸಿದಳು.

"ಮುಂದಕ್ಕೆ ಹಾಕಿ ಅಕ್ಕ, ಯಾರಿಗೆ ಗೊತ್ತಾಗುತ್ತೆ?" ಎಂದ ಮೆಕ್ಯಾನಿಕ್.

"ನನಗೆ ಗೊತ್ತಾಗುತ್ತಲ್ಲಪ್ಪ."

ಹಾಗೆ ಅಂದದ್ದಕ್ಕೆ ಅವಳಿಗೆ ಹೆಮ್ಮೆಯೇನೂ ಇರಲಿಲ್ಲ. ತಮ್ಮ ಕೆಮ್ಮಿದಾಗಲೆಲ್ಲ ತನ್ನ ನಾಲಗೆಯನ್ನೇ ಶಪಿಸಿಕೊಳ್ಳುತ್ತಿದ್ದಳು. ಬೆಳಗ್ಗೆ ಆಫೀಸಿಗೆ ಬಂದವಳೇ ಮೊದಲು ಮೇಜು ನೋಡುವಳು. ಡಬ್ಬಿ ಇಲ್ಲದಿದ್ದರೆ ಸಿಟ್ಟು ನೆತ್ತಿಗೇರುವುದು. ಯಾರ ಮೇಲೆ? ಬದುಕಿರುವವರ ಮೇಲೆ! ಒಂದು ಮನೆಯ ಸೊಸೆ ಫೋನ್ ಮಾಡಿ, "ನಮ್ಮ ಮಾವ ಇವತ್ತು ಕೇಳಿ ಹಾಲು ಕುಡಿದ್ರು ಅಕ್ಕ," ಎಂದು ಹಿಗ್ಗಿದಾಗ "ಒಳ್ಳೇದಾಯ್ತಮ್ಮ" ಎಂದಳು, ಬಾಯೆಲ್ಲ ಕಹಿಯಾಯಿತು. ಮುದುಕರೊಬ್ಬರು ಹಾಲು ಕುಡಿದರೆ ಹೊಟ್ಟೆ ಉರಿದುಕೊಳ್ಳುವ ಹೆಂಗಸಾಗಿಬಿಟ್ಟೆನಲ್ಲ ಎಂದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಸರದಿ ತೆವಳುತ್ತ ತೆವಳುತ್ತ ಬಂತು. ಕೊನೆಗೆ ತಮ್ಮನ ಪಾಲಿಗೆ ಬಂದದ್ದು ಆ ಮುದುಕರು ಬಿಟ್ಟುಹೋದ ಮಂಚವೇ.

ಮೆಕ್ಯಾನಿಕ್ ಕಾಲಿನ ಕಡೆಯ ಹಲಗೆ ಬಿಚ್ಚಿ, ಆ ಚಿಕ್ಕ ಬಾಗಿಲಲ್ಲಿ ಮಂಚವನ್ನು ಹೇಗೋ ನುಗ್ಗಿಸಿದ. ತಲೆಯ ಕಡೆ ಏರಿಸಿದಾಗ ತಮ್ಮ ಅತ್ತಿತ್ತ ನೋಡಿ, "ಅಕ್ಕಾ, ಮಹಾರಾಜನ ಥರ ಕೂತಿದ್ದೀನಿ. ಕಿರೀಟ ಒಂದು ಕಡಿಮೆ," ಎಂದ. ಅವತ್ತು ಬೆಳಗಾಗುವವರೆಗೂ ನಿದ್ದೆ ಮಾಡಿದ. ಅವಳು ನೆಲದ ಮೇಲೆ ಮಲಗಿ ಅವನ ಉಸಿರು ಕೇಳಿಸಿಕೊಳ್ಳುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳಿಗೂ ಸಂತೋಷವಾಗಿತ್ತು.

ಒಂದು ರಜೆಯ ಮಧ್ಯಾಹ್ನ ಮೆಟ್ಟಿಲ ಮೇಲೆ ಪರಿಚಯದ ಹೆಜ್ಜೆ ಸದ್ದು ಕೇಳಿಸಿತು. ಅವಳು ಎದ್ದವಳೇ ತಮ್ಮನ ಪಕ್ಕದಲ್ಲಿದ್ದ ತುಂಬಿದ ಲೋಟವನ್ನು ಬಚ್ಚಲಿಗೆ ಸುರಿದಳು. ಖಾಲಿ ಲೋಟ ತಂದಿಟ್ಟಳು. ಹೊದಿಕೆ ಎಳೆದು ಅವನ ಪಾದ ಮುಚ್ಚಿದಳು. ಅಷ್ಟರಲ್ಲಿ ಮೆಕ್ಯಾನಿಕ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅಕ್ಕ... ಟೀಚರಮ್ಮ ಎಲ್ಲ ಮನೆಗೂ ಹೋಗು ಅಂದ್ರು..."

"ಬಾ," ಎಂದಳು.

ತಮ್ಮನಿಗೆ ಆನಂದವೋ ಆನಂದ. "ನೋಡಕ್ಕ, ಎಂಥಾ ಜನ! ಕಿರ್ ಅನ್ನೋಕೆ ಮುಂಚೇನೇ ಮನೆಗೆ ಬಂದು ಎಣ್ಣೆ ಬಿಡ್ತಾರೆ. ಅಣ್ಣಾ, ನನ್ನ ಮಂಡಿಗೂ ಒಂದು ಹನಿ ಹಾಕಿ ಹೋಗಿ," ಎಂದ. ಮೆಕ್ಯಾನಿಕ್ ನಕ್ಕ. ಬಗ್ಗಿ ಹ್ಯಾಂಡಲಿಗೆ ಎಣ್ಣೆ ಬಿಟ್ಟ. ಎದ್ದಾಗ ಹೊದಿಕೆ ಜಾರಿ ತಮ್ಮನ ಪಾದ ಹೊರಗೆ ಬಂದಿತ್ತು. ಊದಿಕೊಂಡ ಆ ಪಾದವನ್ನು ಅವನು ಒಂದು ಗಳಿಗೆ ನೋಡಿದ. ಹೊದಿಕೆಯನ್ನು ಮೆಲ್ಲಗೆ ಎಳೆದು ಮುಚ್ಚಿದ. "ಬರ್ತೀನಿ ಅಕ್ಕ," ಎಂದು, ಅವಳ ಮುಖ ನೋಡದೆ ಮೆಟ್ಟಿಲಿಳಿದು ಹೋದ.

ಮಾರನೆಯ ಬೆಳಗ್ಗೆ ಅವಳು ಆಫೀಸಿನ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಮೇಜು ಖಾಲಿಯಾಗಿತ್ತು. ಡಬ್ಬಿ ಶೆಲ್ಫಿನ ಮೇಲಿತ್ತು. ಮೆಕ್ಯಾನಿಕ್ ಮೂಲೆಯಲ್ಲಿ ಸುಮ್ಮನೆ ಯಾವುದೋ ನಟ್ಟು ಉಜ್ಜುತ್ತಿದ್ದ, ತಲೆ ಎತ್ತಲಿಲ್ಲ. ಅವನು ಇಲ್ಲಿಯ ತನಕ ಒಂದು ಸಲವೂ ಡಬ್ಬಿಯನ್ನು ತಪ್ಪು ಜಾಗದಲ್ಲಿ ಇಟ್ಟವನಲ್ಲ.

ಅವಳು ಕುರ್ಚಿಯಲ್ಲಿ ಕೂತಳು. ಸರದಿಯ ಹೆಸರುಗಳು ಅವಳಿಗೆ ಬಾಯಿಪಾಠ. ಮುಂದಿನದು ಒಬ್ಬ ತಾಯಿ. ಅವಳ ಮಗಳು ಮಲಗಲಾರದೆ ರಾತ್ರಿಯೆಲ್ಲ ಕುರ್ಚಿಯ ಮೇಲೆ ಕೂತಿರುತ್ತಾಳೆ. ಆ ತಾಯಿ ದಿನಕ್ಕೊಂದು ಸಲ ಫೋನ್ ಮಾಡಿ, ಏನೂ ಕೇಳದೆ, "ಸುಮ್ನೆ ಮಾಡಿದೆ ಅಕ್ಕ" ಎನ್ನುತ್ತಿದ್ದಳು.

ಫೋನಕ್ಕ ಎದ್ದಳು. ಶೆಲ್ಫಿನಿಂದ ಎಣ್ಣೆ ಡಬ್ಬಿ ತೆಗೆದು ತನ್ನ ಮೇಜಿನ ಮೇಲೆ ಇಟ್ಟಳು.

"ಅಕ್ಕ, ಬೇಡ," ಎಂದ ಮೆಕ್ಯಾನಿಕ್. ಅವನ ಕಣ್ಣು ತುಂಬಿತ್ತು.

ಅವಳು ಆಗಲೇ ನಂಬರ್ ಒತ್ತಿದ್ದಳು. "ಅಮ್ಮಾ, ಬಾಗಿಲ ಅಗಲ ಅಳೆದು ಇಟ್ಕೊಳ್ಳಿ."

ಆ ಕಡೆ ಅಳು, ನಗು ಎರಡೂ. "ಬಂತಾ ಅಕ್ಕ? ನಿಜವಾಗ್ಲೂ ಬಂತಾ? ನಿಮ್ಮ ಮನೆಯವರೆಲ್ಲ ನೂರು ವರ್ಷ ಚೆನ್ನಾಗಿರಲಿ! ಆದ್ರೆ ನಮ್ಮ ಬಾಗಿಲು ತುಂಬಾ ಚಿಕ್ಕದು ಅಕ್ಕ. ಮಂಚ ಒಳಗೆ ಬರುತ್ತಾ?"

"ನಮ್ಮ ಮನೆ ಬಾಗಿಲೂ ಚಿಕ್ಕದೇ," ಎಂದಳು ಫೋನಕ್ಕ. "ಕಾಲಿನ ಕಡೆ ಹಲಗೆ ಬಿಚ್ಚಿದ್ರೆ ಬರುತ್ತೆ."