ಐದರಿಂದ ಹತ್ತರ ತನಕ

ಸುಳ್ಳು ಅಂಕ ಕೊಟ್ಟವಳಲ್ಲ ನಾನು. ರಾಯಬಾಗ, ಅಥಣಿ, ಕಾಗವಾಡ, ಯಾವ ಊರಿನ ತಾಯಿಯನ್ನಾದರೂ ಕೇಳಿ, "ಆ ಸಾರಿಕಾ ಬಾಯಾರ? ಕಲ್ಲೆದಿ ಹೆಂಗಸು" ಎನ್ನುತ್ತಾರೆ. ಅನ್ನಲಿ. ಜಿಮ್ನಾಸ್ಟಿಕ್ಸ್ ನಿರ್ಣಾಯಕಿಯ ಕೆಲಸವೇ ಹಾಗೆ. ವರಸೆ ಎಷ್ಟು ಕಷ್ಟದ್ದು ಎಂದು ಲೆಕ್ಕ ಹಾಕುವವರು ಬೇರೆ ಇರುತ್ತಾರೆ. ಎಷ್ಟು ಅಚ್ಚುಕಟ್ಟಾಗಿ ಮಾಡಿದಳು ಎಂದು ನೋಡುವವಳು ನಾನು. ಪ್ರತಿ ಹುಡುಗಿಯೂ ಹತ್ತು ಅಂಕ ಹಿಡಿದುಕೊಂಡೇ ನನ್ನ ಮುಂದೆ ನಿಲ್ಲುತ್ತಾಳೆ, ನಾನು ಕಳೆಯುತ್ತ ಹೋಗುತ್ತೇನೆ. ಮೊಣಕಾಲು ಮಡಚಿತೋ ಕಳೆ, ಸಮತೋಲ ತಪ್ಪಿತೋ ಕಳೆ, ಬಿದ್ದಳೋ ಪೂರಾ ಒಂದು ಅಂಕ ಕಳೆ. "ಬೀಮ್ ಜಾರತಿತ್ರಿ" ಎಂದು ಅಳುತ್ತ ಬಂದವರನ್ನು "ಕುಣಿಲಾರದಾಕಿ ಅಂಗಳ ಡೊಂಕ ಅಂದಿದ್ಲಂತ, ನಡಿ" ಎಂದು ಕಳಿಸಿದ್ದೇನೆ.

ಬ್ರಾಹ್ಮಿ ಬಿದ್ದದ್ದು ಹೋದ ವರ್ಷ, ನಿಪ್ಪಾಣಿಯಲ್ಲಿ, ಅವಳಪ್ಪನದೇ ಹಳೆಯ ತಂಬಾಕಿನ ಗೋದಾಮಿನಲ್ಲಿ. ವ್ಯಾಪಾರ ಇಳಿದ ಮೇಲೆ ಭೀಮಗೊಂಡ ಸಾವಕಾರರು ಮಗಳ ಸಲುವಾಗಿ ಅದನ್ನು ಖಾಲಿ ಮಾಡಿಸಿ, ಗಾದಿ ಹಾಸಿ, ಬೀಮ್ ನಿಲ್ಲಿಸಿದ್ದರು. ಅಂಗೈ ಅಗಲದ, ಎದೆಯೆತ್ತರದ ಉದ್ದನೆಯ ತೊಲೆ ಅದು. ರಾಜ್ಯಮಟ್ಟಕ್ಕೆ ಹೋಗುವವರ ಆಯ್ಕೆ ಅಲ್ಲೇ ನಡೆದಿತ್ತು. ಹಿಂದಕ್ಕೆ ಪಲ್ಟಿ ಹೊಡೆಯುವಾಗ ಹುಡುಗಿಯ ಕಾಲು ತಪ್ಪಿತು, ತಲೆ ಬೀಮಿಗೆ ಬಡಿಯಿತು. ಬಿದ್ದವಳು ಎದ್ದು ನಿಂತಳು ಕೂಡ. ಎದ್ದು ನಿಂತ ಗಳಿಗೆಯಿಂದ ಮತ್ತೆ ಏರಲು ಹತ್ತು ಸೆಕೆಂಡು ಕೊಡುತ್ತೇವೆ. ಅಷ್ಟರೊಳಗೆ ಏರದಿದ್ದರೆ ಆಟ ಮುಗಿಯಿತು. ನಾನು ಎಣಿಸತೊಡಗಿದೆ. ನಾಲ್ಕು ಎನ್ನುವಾಗ ಅವಳು ಬೀಮಿನ ಕಡೆ ಕೈ ಚಾಚಿ ಕುಸಿದಳು. ಎಲ್ಲರೂ ಓಡಿದರು, ನಾನೂ ಓಡಿದೆ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಈ ಬೇಸಿಗೆಯಲ್ಲಿ ಭೀಮಗೊಂಡರು ಚಿಕ್ಕೋಡಿಗೆ, ನಾನಿರುವ ಶಾಲೆಗೇ ಬಂದರು.

"ಬಾಯಾರ, ಒಮ್ಮೆ ಗೋದಾಮಿಗೆ ಬರ್ರಿ. ನಮ್ಮ ಮನಿಯಾಕಿ ದಿನಾ ಮಧ್ಯಾಹ್ನ ಅಲ್ಲಿ ಹೋಗಿ ಕುಂದರತಾಳ. ಕತ್ತಲಾದ ಮ್ಯಾಲ ಬರ್ತಾಳ."

"ಕುಂದರಲಿ ಬಿಡ್ರಿ ಸಾವಕಾರ್ರ. ಹೆತ್ತ ಹೊಟ್ಟಿ."

"ಹೊಟ್ಟಿ ಮಾತ ನಾನೂ ಹೇಳಾಕ ಬಂದೇನ್ರಿ. ನಾವು ಜೈನರು, ಹೊತ್ತು ಮುಳುಗಿದ ಮ್ಯಾಲ ಬಾಯಾಗ ತುತ್ತು ಇಡಂಗಿಲ್ಲ. ಆಕಿ ಮುಂಜಾನಿ ಎರಡ ತುತ್ತು ತಿಂದ್ರ ತಿಂದ್ಲು, ಇಲ್ಲಂದ್ರ ಅದೂ ಇಲ್ಲ. ಎಲುಬಷ್ಟ ಉಳದಾವ. ಹಿಂಗ ನಡದ್ರ ಉಳ್ಯಾಂಗಿಲ್ಲ ಅಂತ ಡಾಕ್ಟರ್ರು ಅಂದಾರ. ಕೇಳಿದ್ರ ಒಂದ ಮಾತು: ಬಾಯಾರು ನಾಲ್ಕಕ್ಕ ನಿಲ್ಲಿಸ್ಯಾರ, ಆಕಿದು ಇನ್ನೂ ಮುಗದಿಲ್ಲ."

ನನಗೆ ಸಿಟ್ಟೇ ಬಂತು. ಸತ್ತ ಕೂಸಿನ ಆಟ ಎಣಿಸಲು ನಾನೇನು ಮಂತ್ರ ಹಾಕುವವಳೇ? ಆದರೂ ಹೋದೆ. ಆ ನಾಲ್ಕು ನನ್ನ ಕಿವಿಯಲ್ಲೂ ನಿಂತೇ ಇತ್ತು.

ಗೋದಾಮಿನ ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ತಂಬಾಕಿನ ಘಾಟು ಇನ್ನೂ ಹೋಗಿರಲಿಲ್ಲ, ಒಳಗೆ ಕಾಲಿಟ್ಟ ಕೂಡಲೇ ಸೀನು ಬಂತು. ಬ್ರಾಹ್ಮಿಯ ತಾಯಿ ಪದ್ಮವ್ವ ಒದ್ದೆ ಬಟ್ಟೆಯಿಂದ ಬೀಮ್ ಒರೆಸುತ್ತಿದ್ದರು. ಕೈ ಎತ್ತಿದರೆ ಬಳೆಗಳು ಮೊಣಕೈ ತನಕ ಸರಿಯುತ್ತಿದ್ದವು.

"ಬಂದ್ರ್ಯಾ? ಐದರಿಂದ ಎಣಸ್ರಿ," ಎಂದರು.

"ಯಾರ ಸಲುವಾಗಿ ಎಣಸ್ಲಿ, ಪದ್ಮವ್ವಾರ?"

"ಬ್ರಾಹ್ಮಿ ಸಲುವಾಗಿ. ದಿನಾ ಈ ಹೊತ್ತಿಗೆ ಎದ್ದು ನಿಂದರತಾಳ. ಏರಬೇಕೋ, ಹೋಗಬೇಕೋ ಆಕಿಗೆ ಹೆಂಗ ಗೊತ್ತಾಗಬೇಕು? ನಾ ಎಣಿಸಿದ್ರ ಕೇಳಂಗಿಲ್ಲ. ನಿಮಗ ಅಂಜತಿದ್ಲು, ನಿಮ್ಮ ಮಾತು ಕೇಳ್ತಾಳ."

"ಹತ್ತರೊಳಗ ಏರಲಿಲ್ಲಂದ್ರ?"

"ಆಕಿ ಹೋದ್ಲು ಅಂತ ತಿಳಕೊಂಡು ಮನಿಗೆ ಹೋಗಿ ಉಣತೇನಿ. ಏರಿದ್ರ ಮಾತ್ರ ಆಕಿ ಇಳಿಯೂತನಾ ನಾ ಇಲ್ಲಿಂದ ಏಳಂಗಿಲ್ಲ. ನನಗ ನೋಡೂ ಧೈರ್ಯ ಇಲ್ರಿ, ನೀವ ನೋಡಿ ಹೇಳ್ರಿ. ನೀವು ಸುಳ್ಳ ಹೇಳವ್ರಲ್ಲ."

ಹೀಗೆಂದು ಮುಖದ ತುಂಬ ಸೆರಗು ಮುಚ್ಚಿಕೊಂಡು ಕುಳಿತರು. ಒಳ್ಳೆಯದಾಯಿತು, ಇಷ್ಟರಿಂದ ಈ ಹೆಂಗಸು ಉಣ್ಣುವುದಾದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡು ಶುರು ಮಾಡಿದೆ.

ಐದು ಎಂದೆ. ತಗಡಿನ ಚಟಚಟ ನಿಂತುಹೋಯಿತು. ಆರು ಎಂದೆ. ಗಾದಿಯ ಮೇಲೆ ಎರಡು ಪುಟ್ಟ ಪಾದದಷ್ಟು ತಗ್ಗು ಬಿತ್ತು. ಏಳು ಎಂದೆ, ತಗ್ಗು ಹಾಗೇ ಇತ್ತು. ಎಂಟಕ್ಕೆ, ಈಗಷ್ಟೇ ಒರೆಸಿದ ಬೀಮಿನ ಮೇಲೆ ಎರಡು ಅಂಗೈ ಮೂಡಿದವು, ಹುಡುಗಿಯರು ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿಯಲ್ಲಿ. ಒಂಬತ್ತು ಎನ್ನುವಷ್ಟರಲ್ಲಿ ಗಾದಿಯ ತಗ್ಗು ಮೇಲೆದ್ದಿತು, ಬೀಮಿನ ಮೇಲೆ ಅಂಗೈಗಳ ಪಕ್ಕ ಬಿಳಿ ಹೆಜ್ಜೆ ಎರಡು ಕಂಡವು. ಸದ್ದು ಮಾತ್ರ ಒಂದಿಷ್ಟೂ ಇಲ್ಲ.

ಏರಿದ್ದಳು! ಅಂಜಿಕೆಯಾಗಿತ್ತು ನಿಜ, ಆದರೆ ಖುಷಿಯೂ ಆಯಿತೆಂದರೆ ನಂಬುತ್ತೀರಾ? ಭಲೆ ಹುಡುಗಿ ಎನ್ನಲು ಬಾಯಿ ತೆರೆದಿದ್ದೆ.

"ಹತ್ತು ಆತೇನ್ರಿ?" ಸೆರಗಿನೊಳಗಿಂದ ಪದ್ಮವ್ವ ಕೇಳಿದರು. "ಏರಿದ್ಲೇನ್ರಿ?"

ಮಡಿಲಲ್ಲಿದ್ದ ಅವರ ಕೈ ನೋಡಿದೆ. ಕೈಯೇನು, ಒಣಗಿದ ಕಡ್ಡಿ.

"ಹತ್ತು," ಎಂದೆ. "ಏರಲಿಲ್ರಿ. ಮುಗೀತು."

ಪದ್ಮವ್ವ ಗೋದಾಮು ತುಂಬುವಂತೆ ಅತ್ತರು. ಮಗಳು ಹೋದಾಗಲೂ ಹೀಗೆ ಅತ್ತಿರಲಿಲ್ಲವಂತೆ. ಬಾಗಿಲ ಹೊರಗೆ ಕಾದಿದ್ದ ಭೀಮಗೊಂಡರು ಒಳಗೆ ಬಂದು ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು. ಅವರ ಹಿಂದೆಯೇ ನಾನೂ ಹೊರಬಿದ್ದೆ, ಬೀಮಿನ ಕಡೆ ತಿರುಗಿ ನೋಡುವ ಮುಖ ನನಗಿರಲಿಲ್ಲ. ಅಂದು ಹೊತ್ತು ಮುಳುಗುವ ಮೊದಲೇ ಪದ್ಮವ್ವ ರೊಟ್ಟಿ ತಿಂದರೆಂದು ಭೀಮಗೊಂಡರ ಫೋನ್ ಬಂತು. ಈಗ ಮೈ ತುಂಬಿಕೊಂಡಿದ್ದಾರೆ, ಬಳೆ ಕೈಯಲ್ಲಿ ನಿಲ್ಲುತ್ತವಂತೆ.

ಈ ವರ್ಷದ ಆಯ್ಕೆ ಕಾಗವಾಡದಲ್ಲಿ ಆಯಿತು. ಬೇರೆ ಸಭಾಂಗಣ, ಬೇರೆ ಬೀಮ್. ಶಿರಗುಪ್ಪಿಯ ಸ್ನೇಹಲ ಚೆಂದ ಆಡಿದಳು. ಆಟ ಮುಗಿಸಿದವರು ನಿರ್ಣಾಯಕರತ್ತ ತಿರುಗಿ ಎರಡೂ ಕೈ ಎತ್ತಿ ನಿಲ್ಲಬೇಕು, ನಾವು ಅವರನ್ನು ನೋಡಿ ತಲೆಯಾಡಿಸಬೇಕು. ಸ್ನೇಹಲ ಕೈ ಎತ್ತಿದಳು, ನಾನು ತಲೆಯಾಡಿಸಿದೆ, ಅವಳು ಅವ್ವನ ಹತ್ತಿರ ಓಡಿದಳು.

ನಾನು ನೋಡುತ್ತಿದ್ದಂತೆಯೇ ಖಾಲಿ ಬೀಮಿನ ಮೇಲೆ ಎರಡು ಬಿಳಿ ಹೆಜ್ಜೆ ಮೂಡಿದವು, ಬೆರಳು ನನ್ನ ಕಡೆಗೆ.

"ಯಾಕ್ರಿ ಬಾಯಾರ, ಯಾರಿಗೆ ಕಾಯಾಕತ್ತೀರಿ?" ಪಕ್ಕದ ನಿರ್ಣಾಯಕಿ ಕೇಳಿದರು. "ಮುಂದಿನಾಕೀನ ಕರೀರಿ."

"ತಡೀರಿ," ಎಂದೆ. "ಆಕಿದು ಇನ್ನೂ ಮುಗದಿಲ್ಲ."