ಭಾವನಿಗೆ ಬೇಡವಾದ ಖಾತೆ

ಅಧ್ಯಕ್ಷ ಯೋಹಾನ ಮ್ಕ್ವಪಟಿರ ತಮ್ಮ ಭಾವನನ್ನೇ ಕೃಷಿ ಮಂತ್ರಿ ಮಾಡುವುದಾಗಿ ಘೋಷಿಸಿದ ಮೇಲೆ ರಾಜಧಾನಿಯ ಮಿನಿಬಸ್ಸುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಭಾವ ಲಿಯೋನಿ ಚರ್ಚಿನಲ್ಲಿ ಹಾಡು ಕಲಿಸುವ ಮಾಸ್ತರ. ಸಾಧು ಮನುಷ್ಯ. ಅವನು ಹಿತ್ತಲಲ್ಲಿ ಹಾಕಿದ ಮೆಕ್ಕೆಜೋಳವನ್ನು ಪ್ರತಿವರ್ಷ ಪಕ್ಕದ ಮನೆಯ ಮೇಕೆಗಳೇ ಕೊಯ್ಲು ಮಾಡುತ್ತಿದ್ದವು. ಇದು ಅಧ್ಯಕ್ಷರಿಗೂ ಗೊತ್ತಿತ್ತು. ಆದರೆ ಖಾತೆ ಕೇಳಿದವಳು ಲಿಯೋನಿಯ ಹೆಂಡತಿ, ಅಧ್ಯಕ್ಷರ ಅಕ್ಕ ಎಸ್ಟೆಲೆ, ತಾಯಿ ಸತ್ತ ಮೇಲೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಚುನಾವಣೆಯಲ್ಲಿ ಗುಡುಗಿದ ಬಾಯಿಗೆ ಅವಳೆದುರು ‘ಇಲ್ಲ’ ಎನ್ನುವುದು ಮಾತ್ರ ಬರುತ್ತಿರಲಿಲ್ಲ.

ಬೆಳಗಿನ ಚಹಾ ಮುಗಿಸಿ, ಕಾರ್ಯದರ್ಶಿಯನ್ನು ಹೊರಗೆ ಕಳಿಸಿ, ಅಧ್ಯಕ್ಷರು ತಾವೇ ಫೋನು ಹಚ್ಚಿದರು. ಮಂತ್ರಿಗಳಿಗೆ ಒಪ್ಪಿಗೆ ಕೊಡುವ ಸಂಸತ್ ಸಮಿತಿಯ ಮುಖ್ಯಸ್ಥೆ ತಿಸುಂಗೆ ಎತ್ತಿಕೊಂಡಳು.

“ತಿಸುಂಗೆಯವ್ರೇ, ಕಣ್ಣು ಮುಚ್ಕೊಂಡು ಒಪ್ಪಿಗೆ ಕೊಟ್ಬಿಡಿ.”

“ಕಣ್ಣೇನೋ ಮುಚ್ಕೋಬೋದು ಸಾರ್. ನಿನ್ನೆ ನಿಮ್ಮ ಭಾವನ್ನ, ಜೋಳಕ್ಕೆ ಗೊಬ್ಬರ ಯಾವಾಗ ಹಾಕ್ಬೇಕು ಅಂತ ಕೇಳಿದ್ವಿ. ‘ದೇವರ ಚಿತ್ತ’ ಅಂದ್ರು.”

“ಅದು... ವಿನಯ.”

“ನಮ್ಮ ಪಕ್ಷದವರೇ ವಿರುದ್ಧ ಕೈ ಎತ್ತೋರಿದ್ದಾರೆ. ಅದ್ರಲ್ಲಿ ನಂದೂ ಒಂದು ಕೈ.”

“ನಾನು ಅಧ್ಯಕ್ಷ ಅನ್ನೋದು ನೆನಪಿದೆಯಾ?”

“ಇದೆ ಸಾರ್. ಅದಕ್ಕೇ ಇನ್ನೂ ಫೋನ್ ಇಟ್ಟಿಲ್ಲ.”

ಅಧ್ಯಕ್ಷರಿಗೆ ತಮ್ಮ ಮೇಲೆಯೇ ನಗು ಬಂತು. ಹೆಸರು ವಾಪಸ್ ಪಡೆಯದೆ ಗತಿಯಿಲ್ಲ; ಇನ್ನುಳಿದದ್ದು ಭಾವನಿಗೆ ಹೇಳುವುದು. ‘ದೇಶದ ಹಿತದೃಷ್ಟಿಯಿಂದ’ ಎಂಬ ಮಾತನ್ನು ಕನ್ನಡಿಯೆದುರು ಅಭ್ಯಾಸ ಮಾಡಿದರು. ಫೋನಿನಲ್ಲಿ ಅದು ಬಾಯಿಗೇ ಬರಲಿಲ್ಲ.

“ಭಾವಾ, ಆ ಖಾತೆ... ನೀವೇ ಬೇಡ ಅಂದ್ಬಿಟ್ರೆ...”

ಆ ಕಡೆಯಿಂದ ಉದ್ದನೆಯ ನಿಟ್ಟುಸಿರು. “ಬದುಕಿಸಿದೆ ಕಣಪ್ಪಾ! ನಂಗೆಲ್ಲಿ ಬೇಕಿತ್ತು? ನಿಂಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ.”

“ನಂಗಾ? ನಿಮಗೆ ಬಹಳ ಆಸೆ ಅಂತ ಅಕ್ಕ ಹೇಳಿದ್ಲು!”

“ನಿಂಗೆ ಆಸೆ ಅಂತ ನಂಗೆ ಹೇಳಿದ್ಲು!”



“ಅವಳಿಗೆ ಯಾರು ಹೇಳೋದು ಭಾವಾ?”

“ನೀನೇ ಹೇಳಪ್ಪ. ನಿನ್ ಹತ್ರ ಸೈನ್ಯ ಇದೆ.”

ದೇಶದ ಮಹಾದಂಡನಾಯಕರು ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಕ್ಕನಿಗೆ ಫೋನು ಮಾಡಿದರು. ವಿಷಯ ಕೇಳಿ ಅವಳು ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ಜೀವಮಾನವಿಡೀ ಅವ್ರು ಬಂದಾಗ ಯಾರೂ ಕುರ್ಚಿ ಬಿಟ್ಟು ಎದ್ದಿಲ್ಲ ಕಣೋ,” ಅಂದಳು. “ಕಣ್ಮುಚ್ಚೋ ಮುಂಚೆ ಒಂದ್ಸಲ ನೋಡೋಣ ಅಂತ ಆಸೆ ಇತ್ತು. ಹೋಗ್ಲಿ ಬಿಡು.”

“ನಾನು ಏಳ್ತೀನಿ ಅಕ್ಕಾ.”

“ನೀನಾ? ನಿಂಗೆ ಕೂತ್ಕೊಳಕ್ಕೇ ನಾನು ಕಲಿಸ್ಬೇಕಾಯ್ತು,” ಎಂದು ಫೋನಿಟ್ಟಳು.

ಸಂಜೆಯೊಳಗೆ ಹೆಸರು ವಾಪಸಾಯಿತು. ‘ಅಧ್ಯಕ್ಷರು ಜನರ ದನಿಗೆ ಓಗೊಟ್ಟರು’ ಎಂದಿತು ರೇಡಿಯೋ. ಅಧ್ಯಕ್ಷರು ಅದನ್ನು ಕೇಳಿ ನಾಚಿ, ದನಿ ಕಡಿಮೆ ಮಾಡಿದರು.

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಚರ್ಚು ಮುಗಿಸಿ ಲಿಯೋನಿ ಒಳಗೆ ಬಂದಾಗ ಅಧ್ಯಕ್ಷರು ದಡಕ್ಕನೆ ಎದ್ದು ನಿಂತರು. ಏನೋ ಅಪಾಯವೆಂದು ಅಂಗರಕ್ಷಕರು ಬಂದೂಕು ಹಿಡಿದು ನುಗ್ಗಿದರು. ಬೆದರಿದ ಲಿಯೋನಿ ಎರಡೂ ಕೈ ಮೇಲೆತ್ತಿ ಗೋಡೆಗೆ ಅಂಟಿಕೊಂಡ.

ಎಸ್ಟೆಲೆ ಬಂದೂಕುಗಳ ನಡುವೆಯೇ ನ್ಸಿಮಾ ಮುದ್ದೆ ಬಡಿಸಿದಳು. ಚಂಬೋ ಮೀನಿನ ದಪ್ಪ ತುಂಡು ಗಂಡನ ತಟ್ಟೆಗೆ ಬಿತ್ತು, ಬಾಲ ತಮ್ಮನ ತಟ್ಟೆಗೆ. ಅಧ್ಯಕ್ಷರು ಕೂತು ಮುಳ್ಳು ಆರಿಸತೊಡಗಿದರು.